ಪಂಚಾಯಿತಿ ಹಳ್ಳಿಗಳು ಪಾಲಿಕೆಗೆ ಸೇರುವಾಗ: ಹಸ್ತಾಂತರ ಹೇಗೆ, ಹತ್ತು ವರ್ಷದ ಯೋಜನೆ ಯಾರ ಜವಾಬ್ದಾರಿ?

ಹೇಮೆ ಸೀಮೆ ಕೇಳಿದ್ದು:

ಹಾಸನ ನಗರಸಭೆ ಮಹಾನಗರ ಪಾಲಿಕೆ ಆದಮೇಲೆ ಅಂಚಿನ ಹಳ್ಳಿಗಳಲ್ಲಿ ಮಾತೆಲ್ಲ ಗಡಿ ಮತ್ತು ವಾರ್ಡಿನ ಸುತ್ತಲೇ ಇದೆ. ಯಾವ ಸರ್ವೆ ನಂಬರ್ ಒಳಗೆ, ಯಾವುದು ಹೊರಗೆ, ಮೀಸಲಾತಿ ಯಾರಿಗೆ, ಕಂದಾಯ ಎಷ್ಟು ಏರುತ್ತೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಒಂದು ಗ್ರಾಮ ಪಂಚಾಯಿತಿ ಇಷ್ಟು ವರ್ಷ ನಡೆಸಿಕೊಂಡು ಬಂದ ಕೆಲಸವನ್ನು ಇನ್ನೊಂದು ಸಂಸ್ಥೆಗೆ ಒಪ್ಪಿಸುವಾಗ ಏನೇನು, ಯಾವ ಕ್ರಮದಲ್ಲಿ, ಯಾರ ಸಹಿಯಲ್ಲಿ ಒಪ್ಪಿಸಬೇಕು ಅನ್ನುವುದನ್ನು ಯಾರೂ ಬಿಡಿಸಿ ಹೇಳುತ್ತಿಲ್ಲ.

ಇದರ ಜತೆಗೆ ಇನ್ನೊಂದು ಇದೆ. ಪಂಚಾಯಿತಿಗಳು ಐದು ವರ್ಷದ ದೂರದೃಷ್ಟಿ ಯೋಜನೆ ಮಾಡಿಕೊಂಡಿವೆ. ಪಾಲಿಕೆಗೆ ಸೇರಿದ ಮೇಲೆ ಅದು ಕಸದ ಬುಟ್ಟಿಗೆ ಹೋಗುತ್ತದೆಯೇ? ಪ್ರತಿ ವರ್ಷ ಕ್ರಿಯಾ ಯೋಜನೆ ಆಗುತ್ತೆ, ಅನುದಾನ ಬಂದಷ್ಟು ಕಾಮಗಾರಿ ಆಗುತ್ತೆ, ಮುಂದಿನ ವರ್ಷ ಮತ್ತೆ ಮೊದಲಿನಿಂದ. ಹತ್ತು ವರ್ಷ ಬಾಳುವಂಥ ಯೋಜನೆಯನ್ನು ಸ್ಥಳೀಯ ಸಂಸ್ಥೆ ಮಟ್ಟದಲ್ಲಿ ಮಾಡಲು ನಿಜವಾಗಿ ಏನು ಬೇಕು? ಈ ಕೆಲಸ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಲೆಕ್ಕಶಾಖೆ:

ಸರ್, ಅಧಿಸೂಚನೆ ಹೊರಟ ದಿನ ಬದಲಾಗುವುದು ಗಡಿ ಮಾತ್ರ. ಕಡತ, ಮೀಟರ್, ಬಾಕಿ, ಠೇವಣಿ ಇವು ಯಾವುವೂ ತಾವಾಗಿ ಎದ್ದು ಪಾಲಿಕೆ ಕಚೇರಿಗೆ ಹೋಗುವುದಿಲ್ಲ. 1976ರ ಮಹಾನಗರ ಪಾಲಿಕೆಗಳ ಕಾಯ್ದೆಯಂತೆ ಮೊದಲು ಕರಡು ಅಧಿಸೂಚನೆ, ಆಕ್ಷೇಪಣೆಗೆ 30 ದಿನ, ಆಮೇಲೆ ಅಂತಿಮ ಅಧಿಸೂಚನೆ. ಆ 30 ದಿನ ಇರುವುದು ಆಕ್ಷೇಪಣೆ ಬರೆಯಲಿಕ್ಕೆ ಮಾತ್ರ ಅಂತ ತಿಳಿದು ಕೂತರೆ ಕೆಲಸ ಕೆಡುತ್ತದೆ. ಕರಡು ಕೈಗೆ ಬಂದ ದಿನವೇ ಹಸ್ತಾಂತರದ ವಹಿಗಳು ಶುರುವಾಗಬೇಕು.

ಎಲ್ಲಕ್ಕಿಂತ ಮೊದಲು ಆಸ್ತಿ ಖಾತೆ. ಪಂಚಾಯಿತಿಯಲ್ಲಿ ಇ-ಸ್ವತ್ತು, ನಮೂನೆ 9, 11ಎ, 11ಬಿ. ಪಾಲಿಕೆಯಲ್ಲಿ ಇ-ಆಸ್ತಿ. ಎರಡೂ ಬೇರೆ ಬೇರೆ ತಂತ್ರಾಂಶ, ಆಸ್ತಿ ಸಂಖ್ಯೆಯ ಕ್ರಮವೂ ಬೇರೆ. ನೋಂದಣಿ ನಡೆಯುವ ಕಾವೇರಿ ತಂತ್ರಾಂಶ ಇ-ಖಾತೆಯ ಸಂಖ್ಯೆ ಕೇಳುತ್ತದೆ. ಹಳೆಯ ಸಂಖ್ಯೆ ಮುಚ್ಚಿ ಹೊಸದು ಹುಟ್ಟುವ ತನಕ ಆ ಮನೆಯನ್ನು ಮಾರಲೂ ಆಗಲ್ಲ, ಬ್ಯಾಂಕಿಗೆ ಆಧಾರ ಮಾಡಲೂ ಆಗಲ್ಲ. ಆದ್ದರಿಂದ ಹಳೆ ಸಂಖ್ಯೆ, ಹೊಸ ಸಂಖ್ಯೆ, ಮಾಲೀಕರ ಹೆಸರು, ಚೆಕ್ಕುಬಂದಿ, ಅಳತೆ, ಕೊನೆಗೆ ತೆರಿಗೆ ಕಟ್ಟಿದ ವರ್ಷ ಇಷ್ಟಿರುವ ಒಂದು ಜೋಡಣೆ ಪಟ್ಟಿ ಮೊದಲೇ ತಯಾರಿರಬೇಕು. 11ಬಿ ಆಸ್ತಿಗಳನ್ನು (ನಿಯಮದಂತೆ ಅನುಮೋದನೆ ಇಲ್ಲದವು) ಪ್ರತ್ಯೇಕ ಹಾಳೆಯಲ್ಲಿ ಇಡಿ, ಮುಂದೆ ತಕರಾರು ಬರುವುದೆಲ್ಲ ಅಲ್ಲಿಂದಲೇ.

ಇಲ್ಲಿ ಕೆಡುವುದು ಹೇಗೆಂದರೆ, ಗಡಿ ಬದಲಾಗುವ ಸುದ್ದಿ ಹಬ್ಬಿದ ಕೂಡಲೇ ಖಾತೆಗೆ ಅರ್ಜಿ ನುಗ್ಗುತ್ತವೆ, ಹಿಂದಿನ ದಿನಾಂಕ ಹಾಕಿದ ನಿರ್ಣಯಗಳು ಹುಟ್ಟಿಕೊಳ್ಳುತ್ತವೆ. ಇದಕ್ಕೆ ಕಾವಲು ಒಂದೇ. ಒಂದು ದಿನಾಂಕ ಗೊತ್ತು ಮಾಡಿ, ಅಂದು ಸಂಜೆಗೆ ಒಟ್ಟು ಖಾತೆ ಎಷ್ಟು, ಕೊನೆಯ ಸಂಖ್ಯೆ ಯಾವುದು ಅಂತ ಬರೆದು, ಮೂರು ಪ್ರತಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಸಹಿ ಮಾಡಿ, ಒಂದನ್ನು ಜಿಲ್ಲಾ ಪಂಚಾಯಿತಿಗೆ, ಒಂದನ್ನು ಪಾಲಿಕೆಗೆ ಕೊಡುವುದು. ನಡಾವಳಿ ಪುಸ್ತಕದ ಕೊನೆಯ ಪುಟಕ್ಕೂ ಅಡ್ಡಗೆರೆ ಎಳೆದು ಸಹಿ ಬೀಳಬೇಕು.

ಎರಡನೆಯದು ಜಮೀನು. ಕೆರೆ, ಗುಂಡುತೋಪು, ಸ್ಮಶಾನ, ಕಣ, ಶಾಲಾ ಮೈದಾನ. ಪ್ರತಿಯೊಂದರ ಪಹಣಿ ತೆಗೆಸಿ ಕಾಲಂ 9ರಲ್ಲಿ ಯಾರ ಹೆಸರಿದೆ ನೋಡಿ. ಸರ್ಕಾರದ್ದೋ, ಪಂಚಾಯಿತಿಯದ್ದೋ, ಇನ್ನೂ ಹಳೆಯ ಖಾತೆದಾರನದ್ದೋ ಎಂಬುದರ ಮೇಲೆ ಪಾಲಿಕೆಯ ಹಕ್ಕು ನಿಲ್ಲುತ್ತದೆ. ಕೆರೆಯಾದರೆ ಅಚ್ಚುಕಟ್ಟು, ಅಂದರೆ ಅದು ನೀರುಣಿಸುವ ಜಮೀನು ಎಷ್ಟು ಅಂತ ನೋಡಬೇಕು. 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ವ್ಯವಸ್ಥೆಯದು, 40ರಿಂದ 2,000 ಹೆಕ್ಟೇರ್ ಸಣ್ಣ ನೀರಾವರಿ ಇಲಾಖೆಯದು. ಖಾಸಗಿ ಬಡಾವಣೆ ಇದ್ದಲ್ಲಿ ಉದ್ಯಾನ ಮತ್ತು ನಾಗರಿಕ ಸೌಲಭ್ಯ ನಿವೇಶನದ ಪರಿತ್ಯಾಜನ ಪತ್ರ (ಜಾಗ ಬಿಟ್ಟುಕೊಟ್ಟ ಪತ್ರ) ನೋಂದಣಿ ಆಗಿದೆಯೇ ಕೇಳಿ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದು, ಪತ್ರ ಮಾಡಿಕೊಡದೆ, ಆಮೇಲೆ ಅದೇ ಜಾಗವನ್ನು ನಿವೇಶನ ಮಾಡಿ ಮಾರಿದ ಬಡಾವಣೆಗಳು ನಗರದಂಚಿನಲ್ಲಿ ಕಮ್ಮಿ ಇಲ್ಲ. ಹಸ್ತಾಂತರದ ಹೊತ್ತಿನಲ್ಲಿ ಹಿಡಿಯದಿದ್ದರೆ ಆಮೇಲೆ ನ್ಯಾಯಾಲಯದಲ್ಲೇ ಹಿಡಿಯಬೇಕು.

ಮೂರನೆಯದು ಹಣ, ನನಗೆ ಹೆಚ್ಚು ಕಳವಳ ಇದರದ್ದೇ. ಪಂಚಾಯಿತಿಯ ಆನ್‌ಲೈನ್ ಪಾವತಿಗೆ ಅಧ್ಯಕ್ಷರ ಮತ್ತು ಪಿಡಿಒ ಅವರ ಡಿಜಿಟಲ್ ಸಹಿ ಬೇಕು. ಪಂಚಾಯಿತಿ ಮುಗಿದು ಆ ಸಹಿ ರದ್ದಾದ ಮೇಲೆ ಅಳತೆ ಪುಸ್ತಕ ಬರೆದು ಸಿದ್ಧವಾದ ಬಿಲ್ಲೂ ಅಲ್ಲೇ ನಿಲ್ಲುತ್ತದೆ. ಗುತ್ತಿಗೆದಾರ ಪಾಲಿಕೆಗೆ ಹೋದರೆ "ಇದು ನಮ್ಮ ಕಾಮಗಾರಿಯಲ್ಲ" ಅನ್ನುವ ಉತ್ತರ. ಹಾಗಾಗಿ ನಡೆಯುತ್ತಿರುವ ಕಾಮಗಾರಿ ಮುಗಿಸಿ ಬಿಲ್ ಚುಕ್ತಾ ಮಾಡಿ, ಇಲ್ಲವೇ ಆದಷ್ಟಕ್ಕೆ ಅಳತೆ ಬರೆದು ಉಳಿದದ್ದನ್ನು ಋಣದ ಪಟ್ಟಿಗೆ ಸೇರಿಸಿ. 2021-26ರ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನಿರ್ಬಂಧಿತ (ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ), ಶೇ 40 ಅನಿರ್ಬಂಧಿತ. ಉಳಿಕೆ ಇದ್ದರೆ ಎರಡನ್ನೂ ಬೆರೆಸದೆ ತೋರಿಸಬೇಕು. ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟರಿಗೆ ಮೀಸಲಿಡಬೇಕಾದ ಶೇ 25, ಅಂಗವಿಕಲರ ಶೇ 5 ಖರ್ಚಾಗದೆ ಉಳಿದಿದ್ದರೆ ಅದೂ ಬಾಕಿಯೇ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ವಸೂಲಿ ಮಾಡಿ ಆಯಾ ಇಲಾಖೆಗೆ ಕಟ್ಟದೆ ಇಟ್ಟುಕೊಂಡಿರುವುದು ಬಹಳ ಕಡೆ ಕಾಣುತ್ತದೆ. ಇದರ ಜತೆಗೆ ವಿದ್ಯುತ್ ಕಂಪನಿ ಸೆಸ್ಕ್‌ನ ಬಾಕಿ, ಗುತ್ತಿಗೆದಾರರ ಭದ್ರತಾ ಠೇವಣಿ, ಇತ್ಯರ್ಥವಾಗದ ಲೆಕ್ಕಪರಿಶೋಧನಾ ಆಕ್ಷೇಪಣೆ. ಇವು ಪಟ್ಟಿಯಲ್ಲಿ ಇಲ್ಲದಿದ್ದರೆ ಪಾಲಿಕೆಯ ಮೊದಲ ಬಜೆಟ್ಟೇ ಸುಳ್ಳಾಗುತ್ತದೆ.

ಪಂಚಾಯಿತಿಯ ಕೆಲವು ಹಳ್ಳಿ ಒಳಗೆ ಹೋಗಿ ಕೆಲವು ಹೊರಗೆ ಉಳಿದರೆ ಇನ್ನೊಂದು ತೊಡಕು. ಕಚೇರಿ ಕಟ್ಟಡ ಇರುವ ಊರು ಪಾಲಿಕೆಗೆ, ಉಳಿದ ಊರುಗಳ ಪಂಚಾಯಿತಿಗೆ ಕೂರಲು ಜಾಗವಿಲ್ಲ. ಉಳಿದ ಹಳ್ಳಿಗಳನ್ನು ಯಾವ ಪಂಚಾಯಿತಿಗೆ ಸೇರಿಸುತ್ತೀರಿ ಅನ್ನುವುದು ತೀರ್ಮಾನವಾಗದೆ ಹಸ್ತಾಂತರ ಪತ್ರಕ್ಕೆ ಸಹಿ ಹಾಕುವುದು ತಪ್ಪು. ಹೊರಗೆ ಉಳಿದವರ ಪಾಲಿನ ಹಣಕ್ಕೂ ಕಡತಕ್ಕೂ ಕೇಳುವವರೇ ಇಲ್ಲದಂತಾಗುತ್ತದೆ.

ವಾಲ್ವ್ ಕೀ:

ನೀರಿನ ಬಗ್ಗೆ ನಾನು ಬರೀತೀನಿ.

ಹಳ್ಳಿಗಳಲ್ಲಿ ಜಲಜೀವನ್ ಮಿಷನ್ ಅಡಿ ಹಾಕಿರೋ ಪೈಪು, ಟ್ಯಾಂಕು ಎಲ್ಲದರ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಒಳಚರಂಡಿ ಇರೋ ನಗರಕ್ಕೆ ಲೆಕ್ಕ 135 ಲೀಟರ್, ಒಳಚರಂಡಿ ಇಲ್ಲದ ಊರಿಗೆ 70. ಈಗ 5,000 ಜನರ ಊರು ತಗೊಳ್ಳಿ. 55ರಂತೆ ದಿನಕ್ಕೆ 2.75 ಲಕ್ಷ ಲೀಟರ್, 70ರಂತೆ 3.5 ಲಕ್ಷ, 135ರಂತೆ 6.75 ಲಕ್ಷ. ಪಾಲಿಕೆಗೆ ಸೇರಿದ್ವಿ, ನಗರದಷ್ಟೇ ನೀರು ಕೊಡಿ ಅಂತ ಕೇಳೋದು ನ್ಯಾಯವೇ. ಆದರೆ ಕೊಟ್ಟ ನೀರಲ್ಲಿ ಸುಮಾರು ಶೇ 80 ಕೊಳಚೆಯಾಗಿ ಹೊರಗೆ ಬರುತ್ತೆ. 6.75 ಲಕ್ಷ ಕೊಟ್ಟರೆ ದಿನಾ 5.4 ಲಕ್ಷ ಲೀಟರ್ ಕೊಳಚೆ. ಒಳಚರಂಡಿ ಇಲ್ಲದಿದ್ದರೆ ಅದು ನೇರ ಕೆರೆಗೆ. ಮೊದಲು ಚರಂಡಿ, ಆಮೇಲೆ ಹೆಚ್ಚಿನ ನೀರು ಅನ್ನೋ ಕ್ರಮ ತಪ್ಪಿದ ಕಡೆಯೆಲ್ಲ ಕೆರೆ ಸತ್ತಿದೆ. ಇದರಲ್ಲಿ ರಾಜಿ ಮಾಡ್ಕೋಬೇಡಿ.

ಹಸ್ತಾಂತರದ ಪಟ್ಟಿಯಲ್ಲಿ "ಕೊಳವೆ ಬಾವಿ – 14" ಅಂತ ಒಂದೇ ಸಾಲು ಬರೆದು ಮುಗಿಸಬೇಡಿ. ಒಂದೊಂದಕ್ಕೂ ಒಂದು ಸಾಲು ಬೇಕು. ಸರ್ವೆ ನಂಬರ್, ಆಳ ಎಷ್ಟು ಅಡಿ, ಕೇಸಿಂಗ್ ಎಷ್ಟು, ಮೋಟರ್ ಎಷ್ಟು ಎಚ್‌ಪಿ, ಎಷ್ಟು ಅಡಿಗೆ ಇಳಿಸಿದೆ, ಎಷ್ಟು ಇಂಚು ನೀರು, ಬೇಸಿಗೆಯಲ್ಲಿ ಎಷ್ಟು ಗಂಟೆ ಓಡುತ್ತೆ, ಪ್ಯಾನೆಲ್ ಬೋರ್ಡ್ ಸ್ಥಿತಿ, ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ), ಮೀಟರ್ ಓದು. ಸೆಸ್ಕ್ ದರಪಟ್ಟಿಯಲ್ಲಿ ಕುಡಿಯುವ ನೀರಿನ ಸ್ಥಾವರ ಎಲ್‌ಟಿ-6ಎ, ಬೀದಿದೀಪ ಎಲ್‌ಟಿ-6ಬಿ. ಬೀದಿದೀಪ ಬಹಳ ಕಡೆ ಮೀಟರ್ ಇಲ್ಲದೆ ನೇರ ಕೊಟ್ಟಿರ್ತಾರೆ. ಅದನ್ನೂ ಹಾಗೇ ಬರೆಯಿರಿ, ಮುಚ್ಚಿಡಬೇಡಿ.

ಕಾಗದದಲ್ಲಿ ಎಲ್ಲೂ ಇರದ ಒಂದು ವಿಷಯ ನೀರುಗಂಟಿ ತಲೆಯಲ್ಲಿ ಇರುತ್ತೆ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು, ಯಾವ ಕೇರಿಗೆ ಎಷ್ಟು ನಿಮಿಷ ಬಿಡಬೇಕು, ಎತ್ತರದ ಕೇರಿಗೆ ಮೊದಲು ಬಿಡಬೇಕೋ ತಗ್ಗಿನ ಕೇರಿಗೋ, ಯಾವ ಜಾಯಿಂಟು ಪೂರ್ತಿ ಒತ್ತಡ ಕೊಟ್ಟರೆ ಕಿತ್ಕೊಳ್ಳುತ್ತೆ. ಆತನನ್ನ ಕೂರಿಸಿಕೊಂಡು ಊರಿನ ನಕ್ಷೆ ಮೇಲೆ ವಾಲ್ವ್‌ಗಳಿಗೆ ನಂಬರ್ ಹಾಕಿ, ವಾರದ ಸರದಿ ಬರೆಸಿಕೊಳ್ಳಿ. ಎರಡು ದಿನದ ಕೆಲಸ. ಇದನ್ನ ಬಿಟ್ಟು ಹೊಸಬರ ಕೈಗೆ ಕೀ ಕೊಟ್ಟರೆ ಮೊದಲ ವಾರವೇ ಅರ್ಧ ಊರಿಗೆ ನೀರಿಲ್ಲ.

ಗೊರೂರಿನಿಂದ ಹೇಮಾವತಿ ನೀರು ಬರುತ್ತೆ ಅಂದ ತಕ್ಷಣ ಹಳೆ ಬೋರ್‌ವೆಲ್ ಸಂಪರ್ಕ ಕಿತ್ತು ಹಾಕಬೇಡಿ. ಪಂಪ್ ಕೆಟ್ಟಾಗ, ಲೈನ್ ಒಡೆದಾಗ ಅದೇ ಆಸರೆ. ತಿಂಗಳಿಗೊಮ್ಮೆ ಓಡಿಸಿ ಇಟ್ಟರೆ ಸಾಕು.

ಸಿಬ್ಬಂದಿ ಕಡತ:

ಪಿಡಿಒ, ಕಾರ್ಯದರ್ಶಿ, ದ್ವಿತೀಯ ದರ್ಜೆ ಲೆಕ್ಕ ಸಹಾಯಕರು (ಎಸ್‌ಡಿಎಎ) ಇವರೆಲ್ಲ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯವರು, ಅವರ ವೃಂದ ಅಲ್ಲೇ ಉಳಿಯುತ್ತದೆ, ಬೇರೆ ಪಂಚಾಯಿತಿಗೆ ಹೋಗುತ್ತಾರೆ. ಸಿಕ್ಕಿಹಾಕಿಕೊಳ್ಳುವವರು ಪಂಚಾಯಿತಿಯ ಸ್ವಂತ ನೌಕರರು: ಬಿಲ್ ಕಲೆಕ್ಟರ್, ನೀರುಗಂಟಿ, ಡಾಟಾ ಎಂಟ್ರಿ ಆಪರೇಟರ್, ಅಟೆಂಡರ್, ಸ್ವಚ್ಛತಾಗಾರರು. ಇವರಲ್ಲಿ ಜಿಲ್ಲಾ ಪಂಚಾಯಿತಿ ಸಿಇಒ ಅನುಮೋದನೆ ಇರುವವರು ಯಾರು, ಬರೀ ಪಂಚಾಯಿತಿ ನಿರ್ಣಯದ ಮೇಲೆ ದುಡಿಯುತ್ತಿರುವವರು ಯಾರು ಅಂತ ಮೊದಲು ಬೇರ್ಪಡಿಸಿ. ಅನುಮೋದನೆ ಇಲ್ಲದವರ ಹೆಸರು ಹಸ್ತಾಂತರ ಪಟ್ಟಿಯಲ್ಲಿ ಬಿಟ್ಟುಹೋದರೆ ಅವರ ಇಷ್ಟು ವರ್ಷದ ಸೇವೆಗೆ ದಾಖಲೆಯೇ ಇರುವುದಿಲ್ಲ. ಹಾಜರಾತಿ, ವೇತನ ಪಾವತಿ, ಭವಿಷ್ಯ ನಿಧಿ ಕಟ್ಟಿದ ವಿವರ ಇದೆಲ್ಲದರ ದೃಢೀಕೃತ ನಕಲನ್ನು ನೌಕರರ ಕೈಗೂ ಒಂದು ಕೊಡಿ. ಬಿಲ್ ಕಲೆಕ್ಟರುಗಳಿಗೆ ಪಂಚಾಯಿತಿ ಕಾರ್ಯದರ್ಶಿ ಹುದ್ದೆಗೆ ಬಡ್ತಿಯ ದಾರಿ ಇದೆ. ಪಾಲಿಕೆಗೆ ಹೋದರೆ ಆ ಸರದಿ ಏನಾಗುತ್ತದೆ ಅಂತ ಲಿಖಿತವಾಗಿ ಕೇಳಿ ಇಚ್ಛೆ ಪಡೆಯಬೇಕು, ಬಾಯಿ ಮಾತಲ್ಲಿ ಬೇಡ.

ಪೌರಕಾರ್ಮಿಕರ ಲೆಕ್ಕ 700 ಜನಕ್ಕೆ ಒಬ್ಬರು. 20,000 ಜನ ಹೊಸದಾಗಿ ಸೇರಿದರೆ ಸುಮಾರು 29 ಹುದ್ದೆ ಬೇಕು. ಹುದ್ದೆ ಮಂಜೂರಾಗದೆ ಇರುವವರನ್ನೇ ಹಂಚಿದರೆ ಹಳೆಯ ವಾರ್ಡೂ ಕೆಡುತ್ತದೆ, ಹೊಸದೂ ಕೆಡುತ್ತದೆ. ಹಳ್ಳಿಗಳಲ್ಲಿ ಕಸದ ಗಾಡಿ ಓಡಿಸುತ್ತಿರುವುದು ಸಂಜೀವಿನಿ ಒಕ್ಕೂಟದ (ಸ್ವಸಹಾಯ ಸಂಘಗಳ ಒಕ್ಕೂಟ) ಹೆಣ್ಣುಮಕ್ಕಳು, ಪಂಚಾಯಿತಿಯೊಡನೆ ಮಾಡಿಕೊಂಡ ಒಪ್ಪಂದದ ಮೇಲೆ. ಒಪ್ಪಂದದ ಒಂದು ಪಕ್ಷವೇ ಇಲ್ಲವಾದಾಗ ಅವರ ಕೆಲಸ ಹೋಗದಂತೆ ಪಾಲಿಕೆ ಅದೇ ಒಪ್ಪಂದ ಮುಂದುವರಿಸುವ ಆದೇಶವನ್ನು ಮೊದಲ ದಿನವೇ ಹೊರಡಿಸಬೇಕು. ಹಾಗೇ ಉದ್ಯೋಗ ಖಾತ್ರಿ ಕೂಲಿ ಗ್ರಾಮೀಣ ಪ್ರದೇಶಕ್ಕೆ ಮಾತ್ರ. ಅದನ್ನೇ ನಂಬಿದ ಮನೆಗಳು ಎಷ್ಟಿವೆ ಅಂತ ಪಟ್ಟಿ ಇಲ್ಲದೆ ಗಡಿ ಎಳೆಯುವುದು ಸರಿಯಲ್ಲ.

ಗಿರಿ ತಪ್ಪಲು (ಚಿಕ್ಕಮಗಳೂರು):

ಹತ್ತು ವರ್ಷದ ಯೋಜನೆ ಬಗ್ಗೆ ಕೇಳಿದ್ದೀರಿ. ಮೊದಲು ರಚನೆಯ ಕೊರತೆ ಹೇಳುತ್ತೇನೆ. ಸಂವಿಧಾನದ 243ಝಡ್‌ಡಿ ಪ್ರಕಾರ ಪಂಚಾಯಿತಿ ಮತ್ತು ನಗರ ಸ್ಥಳೀಯ ಸಂಸ್ಥೆಗಳ ಯೋಜನೆಗಳನ್ನು ಒಟ್ಟುಗೂಡಿಸಿ ಜಿಲ್ಲಾ ಯೋಜನೆ ಮಾಡಬೇಕಾದ್ದು ಜಿಲ್ಲಾ ಯೋಜನಾ ಸಮಿತಿ. ಅದರ ಐದನೇ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದ ಬರಬೇಕು, ಗ್ರಾಮೀಣ ಮತ್ತು ನಗರ ಜನಸಂಖ್ಯೆಯ ಅನುಪಾತದಲ್ಲಿ. 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿದು ಆಡಳಿತಾಧಿಕಾರಿಗಳು ಬಂದರು. ನಗರ ಮತ್ತು ಹಳ್ಳಿಯ ಯೋಜನೆ ಒಟ್ಟಿಗೆ ಕೂತು ಮಾತಾಡಬೇಕಾದ ಏಕೈಕ ಜಾಗದಲ್ಲಿ ಹಳ್ಳಿಯ ಕಡೆಯ ಕುರ್ಚಿ ಖಾಲಿ ಅಂದಮೇಲೆ, ಗಡಿ ದಾಟುವ ವಿಷಯಗಳು ಕಡತಗಳಲ್ಲೇ ಉಳಿಯುತ್ತವೆ. ಈ ಕೊರತೆ ಬಹಳ ದೊಡ್ಡದು, ಇದಕ್ಕೆ ಬದಲಿ ದಾರಿ ಅಂತ ನಿಜವಾಗಿ ಯಾವುದೂ ಇಲ್ಲ.

ಗಡಿ ದಾಟುವ ವಿಷಯ ಅಂದರೆ ಏನು ಅನ್ನುವುದಕ್ಕೆ ನಮ್ಮೂರನ್ನೇ ನೋಡಿ. ಚಿಕ್ಕಮಗಳೂರು ನಗರ ಕುಡಿಯುವುದು ಹಿರೇಕೊಳಲೆ ಕೆರೆ ಮತ್ತು ಯಗಚಿ ನೀರು. ಯಗಚಿ ಜಲಾಶಯ ಇರುವುದು ಹಾಸನ ಜಿಲ್ಲೆಯ ಬೇಲೂರಿನಲ್ಲಿ. ಒಂದು ಜಿಲ್ಲೆಯ ಹತ್ತು ವರ್ಷದ ನೀರಿನ ಯೋಜನೆ ಇನ್ನೊಂದು ಜಿಲ್ಲೆಯ ಕಾಗದ ನೋಡದೆ ಬರೆಯಲು ಸಾಧ್ಯವೇ ಇಲ್ಲ.

ಜನಸಂಖ್ಯೆಯ ಅಂದಾಜಿನಲ್ಲೇ ಅರ್ಧ ಯೋಜನೆಗಳು ಎಡವುತ್ತವೆ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ, 2011ರಲ್ಲಿ 11,37,961. ಕಡಿಮೆಯಾಗಿದೆ. ಹಾಸನ ಜಿಲ್ಲೆ 17,21,669ರಿಂದ 17,76,421ಕ್ಕೆ, ಹತ್ತು ವರ್ಷದಲ್ಲಿ ಶೇ 3ರಷ್ಟು. ಇಡೀ ರಾಜ್ಯದ ಬೆಳವಣಿಗೆ ಶೇ 15.6. ರಾಜ್ಯದ ದರ ಹಾಕಿ ಲೆಕ್ಕ ಮಾಡಿದರೆ ಮಲೆನಾಡಿನ ಹೋಬಳಿಗಳಲ್ಲಿ ಬೇಡದ ಟ್ಯಾಂಕು ಕಟ್ಟುತ್ತೀರಿ, ಜಿಲ್ಲೆಯ ದರ ಹಾಕಿದರೆ ನಗರದಂಚಿನಲ್ಲಿ ಸಾಲದೆ ಬರುತ್ತದೆ. ಚಿಕ್ಕಮಗಳೂರಿಗೆ ಇನ್ನೂ ಒಂದು ಸೇರಿಸಬೇಕು, ವಾರಾಂತ್ಯಕ್ಕೆ ಗಿರಿ ಹತ್ತಲು ಬರುವ ಪ್ರವಾಸಿಗರು. ಜನಗಣತಿಯಲ್ಲಿ ಅವರಿಲ್ಲ, ಆದರೆ ನೀರು ಬಳಸುತ್ತಾರೆ, ಕಸ ಬಿಟ್ಟು ಹೋಗುತ್ತಾರೆ. ಮುಂದಿನ ಜನಗಣತಿಯ ಎಣಿಕೆ ದಿನಾಂಕ 2027ರ ಮಾರ್ಚ್ 1. ಅಲ್ಲಿಯವರೆಗೆ 2011ರ ಅಂಕಿಯ ಜತೆ ಸೆಸ್ಕ್ ಅಥವಾ ಮೆಸ್ಕಾಂನ ಗೃಹ ಸಂಪರ್ಕಗಳ ಸಂಖ್ಯೆ, ಅಂಗನವಾಡಿ ದಾಖಲಾತಿ, ಪಡಿತರ ಚೀಟಿ ಇವು ಮೂರನ್ನೂ ಊರುವಾರು ಇಟ್ಟು ನೋಡಿ. ಮೂರೂ ಒಂದೇ ದಿಕ್ಕು ತೋರಿಸಿದರೆ ಅಂದಾಜು ನಂಬಬಹುದು.

ಯೋಜನೆಯ ಕಾಲಾವಧಿಯನ್ನು ಒಂದೇ ಕಟ್ಟಿಗೆ ಕಟ್ಟಬೇಡಿ. ಪೈಪಿನ ಕಾಮಗಾರಿಗೆ ವಿನ್ಯಾಸದ ಅವಧಿ 30 ವರ್ಷ, ಪಂಪಿಗೆ 15. ಭೂಬಳಕೆಯ ಮಹಾಯೋಜನೆಯನ್ನು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಅದು ನಗರಾಭಿವೃದ್ಧಿ ಪ್ರಾಧಿಕಾರದ ಕೈಲಿ. ಹಣದ ಲೆಕ್ಕ ಮಾತ್ರ ನಾಲ್ಕೈದು ವರ್ಷಕ್ಕಿಂತ ಮುಂದೆ ಹೇಳಲು ಆಗುವುದಿಲ್ಲ. ಹಾಗಾಗಿ ಹಣದ ಪಟ್ಟಿ ಪ್ರತಿ ವರ್ಷ ಒಂದು ವರ್ಷ ಮುಂದಕ್ಕೆ ಜರುಗಬೇಕು: ಮುಗಿದ ವರ್ಷ ತೆಗೆದು ಹೊಸ ಐದನೇ ವರ್ಷ ಸೇರಿಸುವುದು.

ಒಂದು ಕಾಮಗಾರಿ ಪಟ್ಟಿಗೆ ಬರಬೇಕಾದರೆ ನಾಲ್ಕು ಪ್ರಶ್ನೆಗೆ ಉತ್ತರ ಇರಲಿ. ಜಾಗ ಕೈಯಲ್ಲಿದೆಯೇ, ಕಟ್ಟುವ ಹಣ ಯಾವ ಲೆಕ್ಕಶೀರ್ಷಿಕೆಯದು, ನಡೆಸುವ ಹಣ ವರ್ಷಕ್ಕೆ ಎಷ್ಟು, ನಡೆಸುವ ಹುದ್ದೆ ಮಂಜೂರಾಗಿದೆಯೇ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ಉದಾಹರಣೆಗೆ ಸ್ವಂತ ಆದಾಯ 100 ರೂಪಾಯಿ ಅಂದುಕೊಳ್ಳಿ. ವೇತನಕ್ಕೆ 40, ವಿದ್ಯುತ್ತಿಗೆ 25, ಡೀಸೆಲ್ ಮತ್ತು ಹೊರಗುತ್ತಿಗೆಗೆ 20 ಹೋದರೆ ಉಳಿಯುವುದು 15. ಮುಂದಿನ ಐದು ವರ್ಷ ಕಟ್ಟುವ ಎಲ್ಲದರ ನಿರ್ವಹಣೆ ಆ 15ರೊಳಗೆ ಕೂರಬೇಕು. ಕೂರದಿದ್ದರೆ ಅನುದಾನ ಬಂದರೂ ಕಟ್ಟಬಾರದು. ಇದನ್ನು ಸಭೆಯಲ್ಲಿ ಹೇಳುವುದು ಕಷ್ಟ, ಆದರೆ ಹೇಳಲೇಬೇಕು.

ದೂರದೃಷ್ಟಿ ಯೋಜನೆ ಕಸದ ಬುಟ್ಟಿಗೆ ಹೋಗಬೇಕಾಗಿಲ್ಲ. ಪಂಚಾಯಿತಿ ಇರುವಾಗಲೇ ಕೊನೆಯ ಗ್ರಾಮ ಸಭೆಯಲ್ಲಿ ಅದನ್ನು ಓದಿಸಿ. ಉದ್ಯೋಗ ಖಾತ್ರಿಯಂಥ ಗ್ರಾಮೀಣ ಹಣವನ್ನೇ ನಂಬಿದ ಕಾಮಗಾರಿ ಪ್ರತ್ಯೇಕಿಸಿ, ಉಳಿದ ಕೆರೆ, ಚರಂಡಿ, ಸ್ಮಶಾನ, ರಸ್ತೆ ಇವುಗಳಿಗೆ ಆದ್ಯತೆ ಕ್ರಮ ಹಾಕಿ, ನಿರ್ಣಯ ಮಾಡಿ ಹಸ್ತಾಂತರ ಪತ್ರದ ಅನುಬಂಧ ಮಾಡಿ. ಪಾಲಿಕೆಗೆ ಹೋದ ಮೇಲೆ ಗ್ರಾಮ ಸಭೆ ಇರುವುದಿಲ್ಲ. ವಾರ್ಡ್ ಸಮಿತಿ ರಚನೆಗೆ ಮೊದಲ ದಿನದಿಂದ ಒತ್ತಾಯಿಸಿ, ಅದೇ ನಿಮ್ಮ ಮುಂದಿನ ಗ್ರಾಮ ಸಭೆ.

ಹೇಮೆ ಸೀಮೆ:

ಬಹಳ ಉಪಕಾರವಾಯಿತು. ಗಿರಿ ತಪ್ಪಲು ಮೇಡಂ, ಒಂದು ಸಂದೇಹ. ಪಂಚಾಯಿತಿ ಅಧ್ಯಕ್ಷರ ಅವಧಿ 30 ತಿಂಗಳು, ಅಧಿಕಾರಿಗಳ ವರ್ಗಾವಣೆ ಅದಕ್ಕಿಂತ ಬೇಗ. ಬಂದವರು ಹಳೆಯ ಪಟ್ಟಿ ಬದಿಗಿಟ್ಟು ಹೊಸದು ಬರೆಯುವುದನ್ನು ತಡೆಯುವುದು ಹೇಗೆ? ಲೆಕ್ಕಶಾಖೆ ಸರ್, ಹಸ್ತಾಂತರಕ್ಕೆ ವರ್ಷದ ಯಾವ ದಿನ ಒಳ್ಳೆಯದು?

ಗಿರಿ ತಪ್ಪಲು:

ಪೂರ್ತಿ ತಡೆಯಲು ಆಗಲ್ಲ ಸರ್, ತಡೆಯಲೂ ಬಾರದು, ಆರಿಸಿ ಬಂದವರಿಗೆ ಆ ಹಕ್ಕಿದೆ. ಆದರೆ ಕಾರಣ ಬರೆಯದೆ ಬದಲಿಸುವುದನ್ನು ತಡೆಯಬಹುದು. "ಕೈಬಿಟ್ಟ ಕಾಮಗಾರಿ ವಹಿ" ಅಂತ ಒಂದು ಇಡಿ. ಯಾವ ಕಾಮಗಾರಿ, ಯಾವ ವರ್ಷದ ಪಟ್ಟಿಯಲ್ಲಿತ್ತು, ಈವರೆಗೆ ಅದಕ್ಕೆ ಖರ್ಚಾದದ್ದು ಎಷ್ಟು (ಸರ್ವೆ, ಡಿಪಿಆರ್ ಅಂದರೆ ವಿವರವಾದ ಯೋಜನಾ ವರದಿ, ಮಣ್ಣು ಪರೀಕ್ಷೆ ಸೇರಿ), ಯಾಕೆ ಬಿಟ್ಟರು, ಯಾವ ಸಭೆಯ ನಿರ್ಣಯ. ಪಾಲಿಕೆಯಲ್ಲಿ ನಾಲ್ಕು ಸ್ಥಾಯಿ ಸಮಿತಿಗಳಿವೆ. ಪಟ್ಟಣ ಯೋಜನೆ ಸಮಿತಿ ವರ್ಷಕ್ಕೆರಡು ಸಲ ಈ ವಹಿಯನ್ನು ನೋಡಲಿ, ಲೆಕ್ಕಪತ್ರ ಸಮಿತಿ ಬಜೆಟ್ಟಿಗೆ ಮುಂಚೆ ಒಮ್ಮೆ ನೋಡಲಿ. ಡಿಪಿಆರ್‌ಗೆ ಹಣ ಖರ್ಚಾಗಿದೆ ಅನ್ನುವುದು ಕಣ್ಣ ಮುಂದೆ ಇದ್ದಾಗ ಹೊಸಬರು ಮೊದಲು ಹಳೆಯದನ್ನು ಓದುತ್ತಾರೆ.

ಲೆಕ್ಕಶಾಖೆ:

ಏಪ್ರಿಲ್ 1. ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನಗದು ಪುಸ್ತಕ ಮುಚ್ಚಿ ಬ್ಯಾಂಕ್ ಪಾಸ್‌ಬುಕ್ಕಿನ ಜತೆ ತಾಳೆ ಮಾಡುವುದು ಸುಲಭ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆಗೆ ಶೇ 5 ರಿಯಾಯಿತಿಯೂ ಇರುವುದರಿಂದ ಜನ ಪಾಲಿಕೆಗೆ ಕಟ್ಟಲು ಶುರುಮಾಡುವ ಹೊತ್ತಿಗೆ ಹೊಸ ಸಂಖ್ಯೆ ಸಿದ್ಧವಿರಬೇಕು. ವರ್ಷದ ನಡುವೆ ಗಡಿ ಬದಲಾದರೆ ಅರ್ಧ ವರ್ಷದ ತೆರಿಗೆ ಪಂಚಾಯಿತಿಗೆ, ಅರ್ಧ ಪಾಲಿಕೆಗೆ ಅನ್ನುವ ಗೊಂದಲದಲ್ಲಿ ಒಂದೇ ಮನೆಗೆ ಎರಡು ನೋಟಿಸ್ ಬರುತ್ತದೆ. ಯಾವ ದಿನವಾದರೂ ಆಗಲಿ, ಅಂದು ಬೆಳಿಗ್ಗೆ ಪ್ರತಿ ಆರ್‌ಆರ್ ನಂಬರಿನ ಮೀಟರ್ ಓದನ್ನು ಸೆಸ್ಕ್, ಪಂಚಾಯಿತಿ, ಪಾಲಿಕೆ ಮೂವರೂ ಸೇರಿ ಬರೆದುಕೊಂಡು ಸಹಿ ಮಾಡಿ, ಫೋಟೊ ತೆಗೆದಿಡಿ. ವಿದ್ಯುತ್ ಬಾಕಿ ಯಾರದು ಅನ್ನುವ ತಕರಾರು ಬಂದಾಗ ತೋರಿಸಲು ಆ ಹಾಳೆ ಬೇಕು.